ಫ್ರೆಡೆರಿಕ್ ಸ್ಯಾಂಗರ್: ಸಂಶೋಧನಾ ಪ್ರಕಟಣೆಗಳು ಮತ್ತು ಉಲ್ಲೇಖಗಳ ಲೆಕ್ಕ

ಫ್ರೆಡೆರಿಕ್ ಸ್ಯಾಂಗರ್ (1918–2013) ಇಂಗ್ಲೆಂಡಿನ ಜೀವರಸಾಯನ ವಿಜ್ಞಾನಿ. ಪ್ರೋಟೀನು, ಆರ್‌ಎನ್‌ಎ, ಡಿಎನ್‌ಎ ಈ ಮೂರರ ಘಟಕಗಳೂ ಯಾವ ಕ್ರಮದಲ್ಲಿ ಜೋಡಿಸಿಕೊಂಡಿವೆ ಎಂದು ಓದುವ ದಾರಿಗಳನ್ನು ಹುಡುಕಿದವರು. ರಸಾಯನಶಾಸ್ತ್ರದ ನೊಬೆಲ್ ಅವರಿಗೆ 1958ರಲ್ಲೊಮ್ಮೆ, 1980ರಲ್ಲಿ ಮತ್ತೊಮ್ಮೆ ಬಂತು. 2022ರಲ್ಲಿ ಬ್ಯಾರಿ ಶಾರ್ಪ್‌ಲೆಸ್ ಎರಡನೆಯದನ್ನು ಪಡೆಯುವವರೆಗೆ ಈ ವಿಷಯದಲ್ಲಿ ಎರಡು ನೊಬೆಲ್ ಗಳಿಸಿದವರು ಸ್ಯಾಂಗರ್ ಒಬ್ಬರೇ. ಇಷ್ಟಾದರೂ ಅವರ ಪ್ರಬಂಧಗಳ ಪಟ್ಟಿ ಗಿಡ್ಡ, ನಡುನಡುವೆ ದೊಡ್ಡ ಬಿಡುವುಗಳೂ ಇವೆ. ಇವತ್ತಿನ ಬಡ್ತಿ ಸಮಿತಿಯೊಂದು ಆ ಪಟ್ಟಿಯನ್ನು ಕೈಗೆತ್ತಿಕೊಂಡಿದ್ದರೆ ಹುಬ್ಬು ಗಂಟಿಕ್ಕುವ ಸಾಧ್ಯತೆಯೇ ಹೆಚ್ಚು.

1943ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮುಗಿಸಿದ ಸ್ಯಾಂಗರ್, ಅಲ್ಲಿನ ಜೀವರಸಾಯನ ವಿಜ್ಞಾನಿ ಚಿಬ್ನಲ್ ಅವರ ಗುಂಪು ಸೇರಿ ಇನ್ಸುಲಿನ್ ಹಿಡಿದುಕೊಂಡರು. ಶುದ್ಧ ರೂಪದಲ್ಲಿ ಸುಲಭವಾಗಿ ಸಿಗುತ್ತಿದ್ದ ಬೆರಳೆಣಿಕೆಯ ಪ್ರೋಟೀನುಗಳಲ್ಲಿ ಅದೂ ಒಂದು, ಔಷಧದಂಗಡಿಯಲ್ಲೇ ಕೊಳ್ಳಬಹುದಿತ್ತು. ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳಿಗೆ ಗೊತ್ತಾದ ಒಂದೇ ಕ್ರಮ ಇದೆಯೇ ಎಂಬುದೇ ಆಗ ತೀರ್ಮಾನವಾಗಿರಲಿಲ್ಲ. 1945ರ ‘ಬಯೋಕೆಮಿಕಲ್ ಜರ್ನಲ್’ನಲ್ಲಿ ಅವರೊಬ್ಬರ ಹೆಸರಿನಲ್ಲೇ ಬಂದ ಪ್ರಬಂಧ ಒಂದು ಹಳದಿ ಗುರುತನ್ನು ಪರಿಚಯಿಸಿತು. ಡೈನೈಟ್ರೋಫ್ಲೋರೋಬೆಂಜೀನ್ ಎಂಬ ರಾಸಾಯನಿಕ ಸರಪಳಿಯ ತುದಿಯ ಅಮೈನೋ ಆಮ್ಲಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಸರಪಳಿಯನ್ನು ಆಮ್ಲದಲ್ಲಿ ಒಡೆದರೂ ಆ ಗುರುತು ಬಿಡುವುದಿಲ್ಲ. ತುಂಡುಗಳನ್ನು ಬೇರ್ಪಡಿಸಿ, ಒಂದರ ಬಾಲ ಇನ್ನೊಂದರ ತಲೆಯೊಂದಿಗೆ ಎಲ್ಲಿ ಹೊಂದುತ್ತದೆಂದು ನೋಡುತ್ತ ಹೋಗುವುದೇ ಉಳಿದ ಕೆಲಸ.

ಆ ಉಳಿದ ಕೆಲಸಕ್ಕೆ ಹತ್ತು ವರ್ಷ ಹಿಡಿಯಿತು. 1951ರಲ್ಲಿ ಹಾನ್ಸ್ ಟುಪ್ಪಿ ಜೊತೆಗೆ 30 ಅಮೈನೋ ಆಮ್ಲಗಳ ಸರಪಳಿ, 1953ರಲ್ಲಿ ಥಾಂಪ್ಸನ್ ಜೊತೆಗೆ 21ರ ಸರಪಳಿ, 1955ರಲ್ಲಿ ಎರಡನ್ನೂ ಹೊಲಿಯುವ ಗಂಧಕದ ಬಂಧಗಳು. ಒಟ್ಟು 51 ಅಮೈನೋ ಆಮ್ಲ. ಮೊದಲ ನೊಬೆಲ್ ಇದಕ್ಕೇ ಸಂದಿತು.

ಮುಂದಿನದು ಬರಗಾಲ. ಸ್ಯಾಂಗರ್ ಅವರೇ ತಮ್ಮ ವೃತ್ತಿಬದುಕಿನ ಹಿನ್ನೋಟದಲ್ಲಿ ಇದನ್ನು ಸೊರಗಿದ ವರ್ಷಗಳೆಂದು ಒಪ್ಪಿಕೊಂಡಿದ್ದಾರೆ. 1962ರಲ್ಲಿ ಕೇಂಬ್ರಿಜ್‌ನ ಹೊಸ ಆಣವಿಕ ಜೀವವಿಜ್ಞಾನ ಪ್ರಯೋಗಾಲಯಕ್ಕೆ ಬಂದಮೇಲೆ ಗಮನ ಆರ್‌ಎನ್‌ಎ ಕಡೆಗೆ ತಿರುಗಿತು. 1965ರಲ್ಲಿ ಬ್ರೌನ್ಲೀ, ಬ್ಯಾರೆಲ್ ಜೊತೆಗೂಡಿ ಆರ್‌ಎನ್‌ಎ ತುಂಡುಗಳನ್ನು ಬೇರ್ಪಡಿಸುವ ವಿಧಾನವನ್ನು ಪ್ರಕಟಿಸಿದರು. ಆದರೆ ಮೊದಲ ವರ್ಗಾವಣಾ ಆರ್‌ಎನ್‌ಎಯ ಕ್ರಮವನ್ನು ಪೂರ್ತಿ ಓದಿದ ಕೀರ್ತಿ ಅದೇ ವರ್ಷ ಅಮೆರಿಕದ ರಾಬರ್ಟ್ ಹಾಲಿ ಪಾಲಾಯಿತು. ಕೇಂಬ್ರಿಜ್ ತಂಡಕ್ಕೆ 120 ನ್ಯೂಕ್ಲಿಯೋಟೈಡ್‌ಗಳ 5ಎಸ್ ಆರ್‌ಎನ್‌ಎ ದಕ್ಕಿದ್ದು ಆ ಬಳಿಕ.

ಈ ಅಂತರಗಳ ಮೇಲೆ ಬೊಟ್ಟಿಟ್ಟವರು ಸಹೋದ್ಯೋಗಿ ಸಿಡ್ನಿ ಬ್ರೆನ್ನರ್. ಸ್ಯಾಂಗರ್ ತೀರಿಕೊಂಡಾಗ ‘ಸೈನ್ಸ್’ ಪತ್ರಿಕೆಗೆ ಬರೆದ ನುಡಿನಮನದಲ್ಲಿ ಅವರು, ಇಂಥವರು ಇಂದಿನ ವಿಜ್ಞಾನದಲ್ಲಿ ಬದುಕುಳಿಯಲಾರರು ಎಂದರು. ಇನ್ಸುಲಿನ್‌ನಿಂದ ಆರ್‌ಎನ್‌ಎವರೆಗೆ, ಅಲ್ಲಿಂದ ಡಿಎನ್‌ಎವರೆಗೆ ಹೇಳಿಕೊಳ್ಳುವಂಥದ್ದೇನೂ ಬಂದಿಲ್ಲವೆಂದು ಯಾವುದಾದರೂ ಸಮಿತಿ ಷರಾ ಬರೆದುಬಿಡುತ್ತಿತ್ತು ಎಂಬುದು ಅವರ ಮಾತಿನ ಸಾರ. ಬ್ರೆನ್ನರ್ ಮಾತಿನಲ್ಲಿ ಎಂದಿನ ಚುರುಕಿದೆ, ತುಸು ಉತ್ಪ್ರೇಕ್ಷೆಯೂ ಇದೆ. 1955 ಮತ್ತು 1965ರ ಪ್ರಬಂಧಗಳು ಕಡೆಗಣಿಸುವಂಥವಲ್ಲ. ಆದರೆ ಸ್ಯಾಂಗರ್ ಉಳಿದುಕೊಂಡದ್ದರ ಕಾರಣ ತೀರ ಲೌಕಿಕವಾದದ್ದು. 1951ರಿಂದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಅವರಿಗೆ ಸಂಬಳ ಕೊಡುತ್ತಿತ್ತು. ಪಾಠ ಮಾಡಬೇಕಿರಲಿಲ್ಲ, ಅನುದಾನಕ್ಕೆ ಪದೇ ಪದೇ ಅರ್ಜಿ ಗುಜರಾಯಿಸಬೇಕಿರಲಿಲ್ಲ.

1975ರಲ್ಲಿ ಅಲನ್ ಕೌಲ್ಸನ್ ಜೊತೆಗೆ ‘ಪ್ಲಸ್ ಮತ್ತು ಮೈನಸ್’ ಎಂಬ ಡಿಎನ್‌ಎ ಓದುವ ವಿಧಾನ ಬಂತು. 1977ರ ಫೆಬ್ರವರಿಯಲ್ಲಿ ಆ ವಿಧಾನದಿಂದ ಓದಿದ ಫೈ-ಎಕ್ಸ್ 174 ವೈರಸ್ಸಿನ ಜೀನೋಮ್ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಡಿಎನ್‌ಎ ಜೀನೋಮೊಂದನ್ನು ಇಡಿಯಾಗಿ ಓದಿದ್ದು ಅದೇ ಮೊದಲು. ಒಂದೇ ಡಿಎನ್‌ಎ ತುಣುಕಿನ ಮೇಲೆ ಎರಡು ಜೀನ್‌ಗಳು ಒಂದರ ಮೇಲೊಂದು ಕೂತಿರಬಹುದೆಂದೂ ಅದರಿಂದ ಕಂಡುಬಂತು. ಅಲ್ಲಿ ಕೊಟ್ಟ ಉದ್ದ ಸುಮಾರು 5,375 ನ್ಯೂಕ್ಲಿಯೋಟೈಡ್. ಮರುವರ್ಷ ತಮ್ಮದೇ ಹೊಸ ವಿಧಾನದಿಂದ ಅದನ್ನು ತಿದ್ದಿ 5,386 ಎಂದರು.

ಆ ಹೊಸ ವಿಧಾನದ ಪ್ರಬಂಧವೇ ಸ್ಯಾಂಗರ್ ಪಟ್ಟಿಯ ಶಿಖರ. ನಿಕ್ಲೆನ್, ಕೌಲ್ಸನ್ ಜೊತೆಗೂಡಿ ಬರೆದ ಅದು 1977ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು, ಪುಟಗಳು ಐದೇ. ಡಿಎನ್‌ಎ ಪಾಲಿಮರೇಸ್ ಹೊಸ ಎಳೆಯನ್ನು ಕಟ್ಟುತ್ತ ಸಾಗುವಾಗ ಮುಂದಿನದನ್ನು ಜೋಡಿಸಲು ಬೇಕಾದ ಕೊಂಡಿಯೇ ಇಲ್ಲದ ನಕಲಿ ನ್ಯೂಕ್ಲಿಯೋಟೈಡನ್ನು ಸ್ವಲ್ಪ ಬೆರೆಸುವುದು ಇಲ್ಲಿನ ಉಪಾಯ. ಅದು ಎಲ್ಲಿ ಸೇರಿತೋ ಎಳೆ ಅಲ್ಲಿಗೆ ನಿಂತಿತು. ಎ, ಸಿ, ಜಿ, ಟಿ ನಾಲ್ಕಕ್ಕೂ ಒಂದೊಂದು ಕೊಳವೆ. ಬೇರೆ ಬೇರೆ ಉದ್ದದ ಎಳೆಗಳನ್ನು ಜೆಲ್‌ನಲ್ಲಿ ಓಡಿಸಿ, ವಿಕಿರಣದ ಗುರುತನ್ನು ಎಕ್ಸ್-ರೇ ಫಿಲ್ಮಿನ ಮೇಲೆ ಮೂಡಿಸಿ, ಕೆಳಗಿನಿಂದ ಮೇಲಕ್ಕೆ ಪಟ್ಟೆಗಳನ್ನು ಓದಿಕೊಂಡು ಹೋದರಾಯಿತು. ಅಮೆರಿಕದ ಮ್ಯಾಕ್ಸಮ್ ಮತ್ತು ಗಿಲ್ಬರ್ಟ್ ಅದೇ ವರ್ಷ ಇನ್ನೊಂದು ವಿಧಾನ ಪ್ರಕಟಿಸಿದ್ದರು. ಕೆಲವು ವರ್ಷ ಅದೂ ಚಾಲ್ತಿಯಲ್ಲಿತ್ತು. ಆದರೆ ಯಂತ್ರಕ್ಕೆ ಒಗ್ಗಿದ್ದು ಸ್ಯಾಂಗರ್ ದಾರಿಯೇ. 1980ರ ನೊಬೆಲ್‌ನ ಅರ್ಧ ಪಾಲ್ ಬರ್ಗ್‌ಗೆ ಹೋಯಿತು, ಉಳಿದರ್ಧವನ್ನು ಗಿಲ್ಬರ್ಟ್ ಮತ್ತು ಸ್ಯಾಂಗರ್ ಹಂಚಿಕೊಂಡರು.

ಯಾರ ಪ್ರಬಂಧವನ್ನು ಯಾರು ಉಲ್ಲೇಖಿಸಿದರೆಂದು ವ್ಯವಸ್ಥಿತವಾಗಿ ದಾಖಲಿಸುವ ಕೆಲಸ ಶುರುವಾದದ್ದು 1964ರಲ್ಲಿ, ಫಿಲಡೆಲ್ಫಿಯಾದ ಯೂಜೀನ್ ಗಾರ್‌ಫೀಲ್ಡ್ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಹೊರತಂದಾಗ. ಅದರ ಇಂದಿನ ರೂಪವನ್ನು ಆಧರಿಸಿ 2014ರಲ್ಲಿ ‘ನೇಚರ್’ ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳನ್ನು ಹೆಕ್ಕಿತು. 1977ರ ಐದು ಪುಟಗಳಿಗೆ ಅದರಲ್ಲಿ ನಾಲ್ಕನೆಯ ಸ್ಥಾನ, 65,000ಕ್ಕೂ ಹೆಚ್ಚು ಉಲ್ಲೇಖ. ಮೇಲಿನ ಮೂರೂ ಪ್ರೋಟೀನು ಪ್ರಯೋಗಾಲಯದ ನಿತ್ಯದ ಕೆಲಸಕ್ಕೆ ಸೇರಿದವು. ಪ್ರೋಟೀನಿನ ಪ್ರಮಾಣ ಅಳೆಯುವ ಆಲಿವರ್ ಲೌರಿ ಅವರ 1951ರ ಪ್ರಬಂಧಕ್ಕೆ ಮೂರು ಲಕ್ಷ ದಾಟಿತ್ತು. ಲೆಮ್ಲಿ ಮತ್ತು ಬ್ರಾಡ್‌ಫರ್ಡ್ ಅವರ ವಿಧಾನಗಳು ನಂತರದವು. ಡಿಎನ್‌ಎಯ ಜೋಡಿಸುರುಳಿಯನ್ನು ಸಾರಿದ ವಾಟ್ಸನ್–ಕ್ರಿಕ್ ಪ್ರಬಂಧಕ್ಕಾದರೋ ಸುಮಾರು ಐದು ಸಾವಿರ; ನೂರರ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಪ್ರಯೋಗ ಮಾಡಿದವರು ತಾವು ಬಳಸಿದ ವಿಧಾನದ ಮೂಲವನ್ನು ಕಾಣಿಸಲೇಬೇಕು. ಅಡಿಪಾಯದ ತಿಳಿವಳಿಕೆಯ ಮೇಲೆ ನಿಂತವರಿಗೆ ಅಂಥ ಕಟ್ಟುಪಾಡಿಲ್ಲ. ಹೀಗಾಗಿ ಸ್ಯಾಂಗರ್ ಅವರ ಸಂಖ್ಯೆ ಮುಖ್ಯವಾಗಿ ಹೇಳುವುದು ವಿಧಾನದ ಬಳಕೆಯನ್ನು. ಪ್ರೋಟೀನಿಗೆ ನಿಶ್ಚಿತ ಕ್ರಮವಿದೆ ಎಂಬ ಇನ್ಸುಲಿನ್ ಪ್ರಬಂಧಗಳ ತೀರ್ಮಾನ ಜೀವವಿಜ್ಞಾನದ ಯೋಚನೆಯನ್ನೇ ಬದಲಿಸಿತು. ಉಲ್ಲೇಖಗಳ ಲೆಕ್ಕದಲ್ಲಿ ಅವು ಈ ಐದು ಪುಟಗಳ ಹತ್ತಿರಕ್ಕೂ ಬರುವುದಿಲ್ಲ.

ಬಳಕೆಯ ಲೆಕ್ಕವೂ ಪೂರ್ತಿಯಲ್ಲ. ವಿಧಾನವೊಂದು ಮನೆಮಾತಾದಮೇಲೆ ಮೂಲವನ್ನು ಉಲ್ಲೇಖಿಸುವ ಗೊಡವೆಗೆ ಯಾರೂ ಹೋಗುವುದಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಬೆರೆತು ಅಳಿಸಿಹೋಗುವುದೆಂದು ಗುರುತಿಸಿದ್ದರು. ರೋಗಿಯೊಬ್ಬರ ಜೀನ್‌ನಲ್ಲಿ ಕಂಡ ಬದಲಾವಣೆಯನ್ನು ಖಚಿತಪಡಿಸುವ ವರದಿಯಲ್ಲಿ ಇವತ್ತು ‘ಸ್ಯಾಂಗರ್ ಸೀಕ್ವೆನ್ಸಿಂಗ್ ಮಾಡಲಾಯಿತು’ ಎಂದಿದ್ದರೆ ಮುಗಿಯಿತು. ನಂತರದ ದಿನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಜಿ. ಎನ್. ರಾಮಚಂದ್ರನ್ ಅವರದ್ದೂ ಇದೇ ಕತೆ. ಅವರು ಮದ್ರಾಸಿನಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ 1963ರಲ್ಲಿ ಪ್ರಕಟಿಸಿದ ನಕ್ಷೆ ಪ್ರೋಟೀನು ರಚನೆಯ ಪ್ರತಿ ಪರೀಕ್ಷೆಯಲ್ಲೂ ಹೆಸರು ಸಮೇತ ಬರುತ್ತದೆ, ಪ್ರಬಂಧದ ವಿಳಾಸ ಬರುವುದು ಅಪರೂಪ.

ಹೆಸರಿನ ಸರದಿಯೂ ಲೆಕ್ಕ ತಪ್ಪಿಸಬಲ್ಲದು. ಅಚ್ಚಿನ ಕಾಲದ ಸೈಟೇಶನ್ ಇಂಡೆಕ್ಸ್‌ನಲ್ಲಿ ಉಲ್ಲೇಖಿತ ಪ್ರಬಂಧವನ್ನು ಹುಡುಕಬೇಕಾದದ್ದು ಮೊದಲ ಲೇಖಕರ ಹೆಸರಿನಡಿ. ಮನುಷ್ಯನ ಮೈಟೊಕಾಂಡ್ರಿಯದ 16,569 ಬೇಸ್‌ಗಳ ಜೀನೋಮನ್ನು 1981ರಲ್ಲಿ ಪ್ರಕಟಿಸಿದಾಗ ಸ್ಯಾಂಗರ್ ತಂಡ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರು ಹಾಕಿತು. ಹದಿನಾಲ್ವರಲ್ಲಿ ಸ್ಯಾಂಗರ್ ಹತ್ತನೆಯವರು. ಜಗತ್ತು ಅದನ್ನು ‘ಆಂಡರ್ಸನ್ ಮತ್ತಿತರರು’ ಎಂದೇ ಉಲ್ಲೇಖಿಸಿತು. 2005ರಲ್ಲಿ ಹೋರ್ಹೆ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸ್ ಕೂಡ ಇಂಥವರಿಗೆ ಒದಗುವ ಅಳತೆಗೋಲಲ್ಲ. ಐವತ್ತು ಪ್ರಬಂಧಗಳಿಗೆ ತಲಾ ಐವತ್ತಾದರೂ ಉಲ್ಲೇಖ ಬಂದಿದ್ದರೆ ಆ ಅಂಕ ಐವತ್ತು. ಕಡಿಮೆ ಬರೆದವರ ಅಂಕ ಪ್ರಬಂಧಗಳ ಸಂಖ್ಯೆಯನ್ನು ಮೀರಲಾರದು, ಮತ್ತು ಅರವತ್ತೈದು ಸಾವಿರ ಉಲ್ಲೇಖದ ಪ್ರಬಂಧಕ್ಕೂ ಅದರಲ್ಲಿ ಒಂದೇ ಎಣಿಕೆ.

1982ರಲ್ಲಿ ಲ್ಯಾಂಬ್ಡಾ ವೈರಸ್ಸಿನ 48,502 ಬೇಸ್ ಜೋಡಿಗಳ ಪ್ರಬಂಧ ಬಂತು. ಮರುವರ್ಷ, 65 ತುಂಬಿದಾಗ, ಸ್ಯಾಂಗರ್ ನಿವೃತ್ತರಾಗಿ ತೋಟದ ಕೆಲಸಕ್ಕಿಳಿದರು. ನೈಟ್ ಪದವಿಯನ್ನು ಬೇಡವೆಂದಿದ್ದ ಅವರು ಕೇಂಬ್ರಿಜ್ ಬಳಿ 1993ರಲ್ಲಿ ತೆರೆದ ಜೀನೋಮ್ ಕೇಂದ್ರಕ್ಕೆ ತಮ್ಮ ಹೆಸರಿಡಲು ಒಪ್ಪಿದರು. ಕೆಲಸ ಚೆನ್ನಾಗಿರಬೇಕಷ್ಟೆ ಎಂದು ಅದರ ನಿರ್ದೇಶಕ ಜಾನ್ ಸಲ್ಸ್ಟನ್‌ಗೆ ಎಚ್ಚರಿಸಿದರಂತೆ. ಮಾನವ ಜೀನೋಮಿನ ಸುಮಾರು ಮೂರನೆಯ ಒಂದು ಭಾಗವನ್ನು ಓದಿದ್ದು ಆ ಕೇಂದ್ರ. ಸ್ಯಾಂಗರ್ ಕೈಕೆಳಗೆ ಪಿಎಚ್.ಡಿ. ಮಾಡಿದವರಲ್ಲಿ ರಾಡ್ನಿ ಪೋರ್ಟರ್ 1972ರಲ್ಲಿ, ಎಲಿಜಬೆತ್ ಬ್ಲ್ಯಾಕ್‌ಬರ್ನ್ 2009ರಲ್ಲಿ ನೊಬೆಲ್ ಪಡೆದರು. ಬ್ಲ್ಯಾಕ್‌ಬರ್ನ್ ಕೇಂಬ್ರಿಜ್‌ನಲ್ಲಿ ಕಲಿತ ಡಿಎನ್‌ಎ ಓದುವ ಕೌಶಲವನ್ನು ಯೇಲ್‌ಗೆ ಒಯ್ದು, ಟೆಟ್ರಾಹೈಮೀನಾ ಎಂಬ ಏಕಕೋಶ ಜೀವಿಯ ಡಿಎನ್‌ಎ ತುದಿಯಲ್ಲಿ ಮರುಕಳಿಸುವ ಆರಕ್ಷರದ ಸಾಲನ್ನು ಕಂಡರು. 1978ರಲ್ಲಿ ಅದನ್ನು ಸಾರಿದ ಪ್ರಬಂಧದ ಲೇಖಕರು ಇಬ್ಬರೇ, ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್.