ಹರಿಯಾಣ ಶಿಕ್ಷಕರ ನೇಮಕಾತಿ ಹಗರಣ: ನಕಲಿ ಪಟ್ಟಿಯಿಂದ ತಿಹಾರ್ ಜೈಲಿನವರೆಗೆ

ಸರ್ಕಾರಿ ಪ್ರಾಥಮಿಕ ಶಾಲೆಗಳ 3,206 ಶಿಕ್ಷಕ ಹುದ್ದೆಗಳು, 18 ಜಿಲ್ಲೆಗಳ ಆಯ್ಕೆ ಸಮಿತಿಗಳು, ಒಂದೇ ಸಂದರ್ಶನಕ್ಕೆ ಎರಡು ಅಂಕಪಟ್ಟಿಗಳು. ಹರಿಯಾಣದ ಜೆಬಿಟಿ ಶಿಕ್ಷಕರ ನೇಮಕಾತಿ ಹಗರಣದ ಸಾರವನ್ನು ಇಷ್ಟರಲ್ಲಿ ಹೇಳಿಬಿಡಬಹುದು. ಆದರೆ ಅದು ನ್ಯಾಯಾಲಯದಲ್ಲಿ ಸಾಬೀತಾಗಲು ಹದಿಮೂರು ವರ್ಷ ಹಿಡಿಯಿತು. ಮಾಜಿ ಮುಖ್ಯಮಂತ್ರಿ ಓಂ ಪ್ರಕಾಶ್ ಚೌಟಾಲಾ, ಅವರ ಪುತ್ರ ಅಜಯ್ ಚೌಟಾಲಾ, ಇಬ್ಬರು ಐಎಎಸ್ ಅಧಿಕಾರಿಗಳು ಮತ್ತು ಜಿಲ್ಲಾ ಮಟ್ಟದ ಹಲವಾರು ಶಿಕ್ಷಣಾಧಿಕಾರಿಗಳು ಸೇರಿ 55 ಮಂದಿ ಈ ಪ್ರಕರಣದಲ್ಲಿ ಅಪರಾಧಿಗಳೆಂದು ತೀರ್ಮಾನವಾಯಿತು.

ಸರ್ಕಾರಿ ಶಾಲೆಯ ಬೊಕ್ಕಸಕ್ಕೆ ಕನ್ನ ಹಾಕಲು ಸುಳ್ಳು ಬಿಲ್ಲೇ ಬೇಕೆಂದಿಲ್ಲ. ಒಬ್ಬ ಶಿಕ್ಷಕನ ನೇಮಕ ಎಂದರೆ ಮೂರು ದಶಕಗಳ ಸಂಬಳ, ಅದರ ಮೇಲೆ ಪಿಂಚಣಿ. ಆ ಹುದ್ದೆಯನ್ನು ಅರ್ಹನಲ್ಲದವನಿಗೆ ಕೊಡಲು ದಾಖಲೆ ತಿದ್ದಿದರೆ ಸಾರ್ವಜನಿಕ ಹಣವೂ ಹೋಗುತ್ತದೆ, ತರಗತಿಯ ಮಕ್ಕಳ ಕಲಿಕೆಯೂ ಹೋಗುತ್ತದೆ. ಹರಿಯಾಣದ ಪ್ರಕರಣಕ್ಕೆ ಮಹತ್ವ ಬಂದಿರುವುದು ಈ ಕಾರಣದಿಂದ.

ಹಿನ್ನೆಲೆ

ಜೆಬಿಟಿ ಎಂದರೆ ಜೂನಿಯರ್ ಬೇಸಿಕ್ ಟ್ರೇನ್ಡ್. ಪ್ರಾಥಮಿಕ ಶಾಲೆಗಳಲ್ಲಿ ಬೋಧಿಸಲು ಹರಿಯಾಣದಲ್ಲಿ ಬೇಕಿದ್ದ ತರಬೇತಿಯಿದು. ಕರ್ನಾಟಕದಲ್ಲಿ ಅಂದು ಟಿಸಿಎಚ್ ಎಂದು ಕರೆಯಲಾಗುತ್ತಿದ್ದ ಅರ್ಹತೆಗೆ ಹತ್ತಿರದ್ದು.

ಮಾಜಿ ಉಪಪ್ರಧಾನಿ ದೇವಿ ಲಾಲ್ ಅವರ ಪುತ್ರ ಓಂ ಪ್ರಕಾಶ್ ಚೌಟಾಲಾ 1999ರ ಜುಲೈನಲ್ಲಿ ಹರಿಯಾಣದ ಮುಖ್ಯಮಂತ್ರಿಯಾದರು. ಶಿಕ್ಷಣ ಖಾತೆಯೂ ಅವರ ಬಳಿಯೇ ಇತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟವು ಜೆಬಿಟಿ ಶಿಕ್ಷಕರ ಆಯ್ಕೆಯನ್ನು ರಾಜ್ಯ ಸಿಬ್ಬಂದಿ ಆಯ್ಕೆ ಆಯೋಗದ ವ್ಯಾಪ್ತಿಯಿಂದ ಹೊರತೆಗೆದು ಜಿಲ್ಲಾ ಮಟ್ಟದ ಸಮಿತಿಗಳಿಗೆ ಒಪ್ಪಿಸಿತು. ಈ ಸಮಿತಿಗಳಲ್ಲಿ ಇದ್ದವರು ಶಿಕ್ಷಣ ಇಲಾಖೆಯ ಸ್ಥಳೀಯ ಅಧಿಕಾರಿಗಳು. ವರ್ಗಾವಣೆ, ಬಡ್ತಿ ಎಲ್ಲಕ್ಕೂ ಅವರು ಮೇಲಿನವರ ಮುಖ ನೋಡಬೇಕಿತ್ತು. ಆಯೋಗಕ್ಕೆ ಇರುವ ಅಷ್ಟಿಷ್ಟು ಸ್ವಾತಂತ್ರ್ಯವೂ ಈ ಸಮಿತಿಗಳಿಗೆ ಇರಲಿಲ್ಲ.

1999ರ ಡಿಸೆಂಬರ್‌ನಲ್ಲಿ ಸಂದರ್ಶನಗಳು ನಡೆದವು. ಸಮಿತಿಗಳು ಅಂಕಪಟ್ಟಿಗಳನ್ನು ಸಿದ್ಧಪಡಿಸಿ ಸಹಿ ಮಾಡಿದವು. ಪಟ್ಟಿಗಳು ಪ್ರಾಥಮಿಕ ಶಿಕ್ಷಣ ನಿರ್ದೇಶನಾಲಯ ತಲುಪಿದವು. ಅಲ್ಲಿಗೆ ಫಲಿತಾಂಶ ಪ್ರಕಟವಾಗಬೇಕಿತ್ತು. ಆಗಲಿಲ್ಲ.

ಬೀರುವಿನೊಳಗಿನ ಮೂಲ ಪಟ್ಟಿ

ಫಲಿತಾಂಶ ಪ್ರಕಟಿಸುವ ಹೊಣೆ ಪ್ರಾಥಮಿಕ ಶಿಕ್ಷಣ ನಿರ್ದೇಶಕರದು. ಆ ಸ್ಥಾನದಲ್ಲಿದ್ದ ಐಎಎಸ್ ಅಧಿಕಾರಿ ರಜನಿ ಶೇಖ್ರಿ ಸಿಬಲ್ ಅವರ ಮೇಲೆ ಮೂಲ ಪಟ್ಟಿಗಳನ್ನು ಬದಲಿಸುವಂತೆ ಒತ್ತಡ ಬಂತು. ಅವರು ಒಪ್ಪಲಿಲ್ಲ. ಪಟ್ಟಿಗಳನ್ನು ಬೀರುವಿನಲ್ಲಿಟ್ಟು ಮುದ್ರೆ ಹಾಕಿಸಿದರು. ಕೆಲ ಕಾಲದಲ್ಲೇ ಅವರ ವರ್ಗಾವಣೆಯಾಯಿತು. ಮುಂದೆ ವಿಚಾರಣೆಯಲ್ಲಿ ಅವರು ನುಡಿದ ಸಾಕ್ಷ್ಯವು ಪ್ರಾಸಿಕ್ಯೂಷನ್ ಪಾಲಿಗೆ ಬಹುಮುಖ್ಯವಾಯಿತು.

2000ರ ಜುಲೈನಲ್ಲಿ ನಿರ್ದೇಶಕರಾಗಿ ಬಂದವರು 1985ನೇ ತಂಡದ ಐಎಎಸ್ ಅಧಿಕಾರಿ ಸಂಜೀವ್ ಕುಮಾರ್. ಸಿಬಿಐ ದೋಷಾರೋಪದ ಪ್ರಕಾರ, ಅವರ ಅವಧಿಯಲ್ಲಿ ಜಿಲ್ಲಾ ಸಮಿತಿಗಳ ಅಧ್ಯಕ್ಷರು ಮತ್ತು ಸದಸ್ಯರನ್ನು ದೆಹಲಿಯ ಹರಿಯಾಣ ಭವನಕ್ಕೆ ಹಾಗೂ ಚಂಡೀಗಢದ ಅತಿಥಿಗೃಹವೊಂದಕ್ಕೆ ಕರೆಸಿಕೊಂಡು ಎರಡನೇ ಪಟ್ಟಿಗಳನ್ನು ಬರೆಸಲಾಯಿತು. ಬೇಕಾದವರ ಸಂದರ್ಶನದ ಅಂಕಗಳು ಏರಿದವು. ಅವರಿಗೆ ಜಾಗ ಮಾಡಿಕೊಡಲು ಬೇರೆಯವರ ಅಂಕಗಳು ಇಳಿದವು. 2000ರಲ್ಲಿ ಪ್ರಕಟವಾದ ಫಲಿತಾಂಶಕ್ಕೆ ಆಧಾರವಾದದ್ದು ಈ ಎರಡನೇ ಪಟ್ಟಿ.

ಇದರಿಂದ ನಷ್ಟ ಹೊಂದಿದವರು ಮೊದಲ ಪಟ್ಟಿಯಲ್ಲಿ ಆಯ್ಕೆಯ ಅರ್ಹತೆ ಗಳಿಸಿ ಎರಡನೆಯದರಲ್ಲಿ ಹೊರಬಿದ್ದ ಅಭ್ಯರ್ಥಿಗಳು. ಸಂದರ್ಶನದಲ್ಲಿ ತಮಗೆ ನಿಜವಾಗಿ ಎಷ್ಟು ಅಂಕ ಬಂದಿತ್ತೆಂದು ತಿಳಿಯುವ ದಾರಿಯೇ ಅವರಿಗಿರಲಿಲ್ಲ. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ.

ಸುಪ್ರೀಂ ಕೋರ್ಟ್ ಮೆಟ್ಟಿಲಲ್ಲಿ

ಪ್ರಕರಣ ಬಯಲಿಗೆ ಬಂದದ್ದು ಸಂಜೀವ್ ಕುಮಾರ್ ಅವರಿಂದಲೇ. 2003ರಲ್ಲಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಸಲ್ಲಿಸಿದ ಅವರು, ಮೂಲ ಪಟ್ಟಿಗಳ ಬದಲು ನಕಲಿ ಪಟ್ಟಿಗಳನ್ನು ಬಳಸುವಂತೆ ಮುಖ್ಯಮಂತ್ರಿ ಒತ್ತಡ ಹೇರಿದ್ದರೆಂದು ಆಪಾದಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ನ್ಯಾಯಾಲಯವು ಸಿಬಿಐ ತನಿಖೆಗೆ ಆದೇಶಿಸಿತು. 2004ರಲ್ಲಿ ಸಿಬಿಐ ಮೊಕದ್ದಮೆ ದಾಖಲಿಸಿಕೊಂಡಿತು.

ತನಿಖೆ ಹಿಡಿದ ದಾರಿ ದೂರುದಾರರಿಗೂ ಅನಿರೀಕ್ಷಿತವಾಗಿತ್ತು. ದೂರು ಕೊಟ್ಟ ಅಧಿಕಾರಿಯೂ ಸಂಚಿನ ಪಾಲುದಾರ ಎಂಬ ತೀರ್ಮಾನಕ್ಕೆ ಸಿಬಿಐ ಬಂತು. 2008ರ ಜೂನ್‌ನಲ್ಲಿ ಸಲ್ಲಿಕೆಯಾದ ದೋಷಾರೋಪಪಟ್ಟಿಯಲ್ಲಿ ಚೌಟಾಲಾ ಹೆಸರಿನೊಂದಿಗೆ ಸಂಜೀವ್ ಕುಮಾರ್ ಹೆಸರೂ ಇತ್ತು. ಆಗ ಸಂಸದರಾಗಿದ್ದ ಅಜಯ್ ಚೌಟಾಲಾ, ಮುಖ್ಯಮಂತ್ರಿಯವರ ವಿಶೇಷ ಕರ್ತವ್ಯಾಧಿಕಾರಿಯಾಗಿದ್ದ ಐಎಎಸ್ ಅಧಿಕಾರಿ ವಿದ್ಯಾಧರ್, ರಾಜಕೀಯ ಸಲಹೆಗಾರ ಶೇರ್ ಸಿಂಗ್ ಬಡಶಾಮಿ ಉಳಿದ ಪ್ರಮುಖರು. ಆರೋಪಿಗಳ ಒಟ್ಟು ಸಂಖ್ಯೆ 62. ವಿಚಾರಣೆಯ ಅವಧಿಯಲ್ಲಿ ಆರು ಮಂದಿ ತೀರಿಕೊಂಡರು, ಒಬ್ಬರನ್ನು ಕೈಬಿಡಲಾಯಿತು.

ಸಹಿ ನಿಜ, ದಾಖಲೆ ಸುಳ್ಳು

ಖೋಟಾ ದಾಖಲೆ ಎಂದೊಡನೆ ಜನರ ಮನಸ್ಸಿಗೆ ಬರುವುದು ಇನ್ನೊಬ್ಬರ ಸಹಿಯನ್ನು ಅನುಕರಿಸುವುದು. ಇಲ್ಲಿ ಹಾಗಾಗಿರಲಿಲ್ಲ. ಎರಡನೇ ಪಟ್ಟಿಗೂ ಸಹಿ ಹಾಕಿದವರು ಸಮಿತಿಯವರೇ. ಆದರೆ ಸಂದರ್ಶನದ ದಿನ ಕೊಟ್ಟ ಅಂಕಗಳೆಂದು ಆ ಕಾಗದ ಹೇಳುತ್ತಿದ್ದ ಸಂಗತಿ ಸುಳ್ಳು. ತಿಂಗಳುಗಳ ನಂತರ, ಬೇರೆ ಊರಿನಲ್ಲಿ, ಅಭ್ಯರ್ಥಿ ಎದುರಿಗಿಲ್ಲದೆ ಅಂಕ ನೀಡಲಾಗಿತ್ತು.

ನ್ಯಾಯಾಲಯ ಶಿಕ್ಷೆ ವಿಧಿಸಿದ ಮುಖ್ಯ ಕಲಂಗಳು ಹೀಗಿವೆ:

* ಭಾರತೀಯ ದಂಡ ಸಂಹಿತೆಯ 120-ಬಿ: ಅಪರಾಧಿಕ ಒಳಸಂಚು.
* 418: ಯಾರ ಹಿತವನ್ನು ಕಾಯಬೇಕಾದ ಹೊಣೆ ತನ್ನ ಮೇಲಿದೆಯೋ ಅವರಿಗೇ ನಷ್ಟವಾಗುವುದೆಂದು ತಿಳಿದೂ ವಂಚಿಸುವುದು.
* 467: ಹಕ್ಕನ್ನು ಸೃಷ್ಟಿಸುವ ಬೆಲೆಯುಳ್ಳ ದಾಖಲೆಯ ಖೋಟಾ ಸೃಷ್ಟಿ. ಜೀವಾವಧಿಯವರೆಗೂ ಶಿಕ್ಷೆಗೆ ಅವಕಾಶವಿದ್ದ ಕಲಂ ಇದು.
* 471: ಖೋಟಾ ದಾಖಲೆಯನ್ನು ಅಸಲಿಯೆಂದು ಬಳಸುವುದು.
* 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 13(1)(ಡಿ): ಸಾರ್ವಜನಿಕ ಸೇವಕನು ಅಧಿಕಾರ ದುರುಪಯೋಗದಿಂದ ತನಗೋ ಇತರರಿಗೋ ಲಾಭ ಮಾಡಿಕೊಡುವುದು.

2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಹಳೆಯ 467ನೇ ಕಲಮಿನ ಅಪರಾಧ ಈಗ 338ರಲ್ಲಿ, 471ರದು 340ರಲ್ಲಿ ಸೇರಿದೆ. ಭ್ರಷ್ಟಾಚಾರ ತಡೆ ಕಾಯ್ದೆಯ 13(1)(ಡಿ) ಉಪಕಲಮನ್ನು 2018ರ ತಿದ್ದುಪಡಿ ಕೈಬಿಟ್ಟಿದೆ.

ತೀರ್ಪು

ದೆಹಲಿಯ ರೋಹಿಣಿ ನ್ಯಾಯಾಲಯದ ವಿಶೇಷ ಸಿಬಿಐ ನ್ಯಾಯಾಧೀಶ ವಿನೋದ್ ಕುಮಾರ್ 2013ರ ಜನವರಿ 16ರಂದು 55 ಮಂದಿಯನ್ನು ಅಪರಾಧಿಗಳೆಂದು ಘೋಷಿಸಿದರು. ಜನವರಿ 22ರಂದು ಶಿಕ್ಷೆಯ ಪ್ರಮಾಣ ಪ್ರಕಟವಾಯಿತು. ಚೌಟಾಲಾ ತಂದೆ-ಮಗ ಸೇರಿ ಹತ್ತು ಮಂದಿಗೆ ತಲಾ 10 ವರ್ಷ, ಒಬ್ಬರಿಗೆ 5 ವರ್ಷ, ಉಳಿದ 44 ಮಂದಿಗೆ ತಲಾ 4 ವರ್ಷಗಳ ಸೆರೆವಾಸ. ಅಂದು ನ್ಯಾಯಾಲಯದ ಹೊರಗೆ ಸೇರಿದ್ದ ಚೌಟಾಲಾ ಬೆಂಬಲಿಗರನ್ನು ಚದುರಿಸಲು ಪೊಲೀಸರು ಅಶ್ರುವಾಯು ಸಿಡಿಸಬೇಕಾಯಿತು.

ಮೇಲ್ಮನವಿಯ ಹಂತದಲ್ಲಿ 2015ರ ಮಾರ್ಚ್ 5ರಂದು ದೆಹಲಿ ಹೈಕೋರ್ಟ್‌ನ ನ್ಯಾಯಮೂರ್ತಿ ಸಿದ್ಧಾರ್ಥ ಮೃದುಲ್ ತೀರ್ಪನ್ನು ಎತ್ತಿಹಿಡಿದರು. ಚೌಟಾಲಾ, ಅಜಯ್, ಸಂಜೀವ್ ಕುಮಾರ್, ವಿದ್ಯಾಧರ್ ಮತ್ತು ಬಡಶಾಮಿ ಅವರ 10 ವರ್ಷದ ಶಿಕ್ಷೆ ಖಾಯಂ ಆಯಿತು. ಇತರ 50 ಮಂದಿಯ ಶಿಕ್ಷೆ ಎರಡು ವರ್ಷಕ್ಕೆ ಇಳಿಯಿತು. ಅದೇ ವರ್ಷ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ತಳ್ಳಿಹಾಕಿತು.

ಮೇಲಿನವರ ಅಪ್ಪಣೆಗೆ ಮಣಿದು ಸಹಿ ಹಾಕಿದ ಕೆಳಹಂತದ ಅಧಿಕಾರಿಗೆ ಈ ಹಂತಗಳಲ್ಲಿ ಸಿಕ್ಕಿದ್ದು ಶಿಕ್ಷೆಯಲ್ಲಿ ರಿಯಾಯಿತಿ ಮಾತ್ರ, ಬಿಡುಗಡೆಯಲ್ಲ. ಸಹಿ ಹಾಕಿದ ಕೈಗೆ ಹೊಣೆ ತಪ್ಪದು ಎಂಬ ಈ ನಿಲುವು ಜಿಲ್ಲಾ, ತಾಲ್ಲೂಕು ಮಟ್ಟದಲ್ಲಿ ಕಡತ ನಿರ್ವಹಿಸುವ ಪ್ರತಿಯೊಬ್ಬ ನೌಕರನಿಗೂ ಅನ್ವಯಿಸುವಂಥದು.

ಜೈಲು ಮತ್ತು ರಾಜಕೀಯ

ಭ್ರಷ್ಟಾಚಾರ ತಡೆ ಕಾಯ್ದೆಯಡಿ ಸೆರೆವಾಸದ ಶಿಕ್ಷೆಗೊಳಗಾದವರು ಶಿಕ್ಷೆಯ ಅವಧಿಗೂ ಬಿಡುಗಡೆಯ ನಂತರದ ಆರು ವರ್ಷಕ್ಕೂ ಚುನಾವಣೆಗೆ ನಿಲ್ಲುವಂತಿಲ್ಲ. ಇದರಿಂದ ಭಾರತೀಯ ರಾಷ್ಟ್ರೀಯ ಲೋಕದಳ ತನ್ನ ನಾಯಕನಿಲ್ಲದೆ ಚುನಾವಣೆಗಳನ್ನು ಎದುರಿಸಬೇಕಾಯಿತು. 2018ರಲ್ಲಿ ಕುಟುಂಬವೇ ಒಡೆದು, ಅಜಯ್ ಅವರ ಪುತ್ರ ದುಷ್ಯಂತ್ ಚೌಟಾಲಾ ಜನನಾಯಕ್ ಜನತಾ ಪಕ್ಷ ಕಟ್ಟಿದರು. 2019ರಲ್ಲಿ ಬಿಜೆಪಿ ಜೊತೆ ಕೈಜೋಡಿಸಿ ಉಪಮುಖ್ಯಮಂತ್ರಿಯೂ ಆದರು.

ಶಿಕ್ಷಕರ ನೇಮಕದ ಹಗರಣದಲ್ಲಿ ಜೈಲು ಸೇರಿದ ಹಿರಿಯ ಚೌಟಾಲಾ ತಿಹಾರ್‌ನಲ್ಲಿದ್ದಾಗಲೇ ಮುಕ್ತ ಶಾಲೆಯ ಪರೀಕ್ಷೆಗೆ ಕುಳಿತದ್ದು ದೇಶದೆಲ್ಲೆಡೆ ಸುದ್ದಿಯಾಯಿತು. ಕೋವಿಡ್ ಕಾಲದಲ್ಲಿ, 10 ವರ್ಷದ ಶಿಕ್ಷೆಯಲ್ಲಿ ಒಂಬತ್ತೂವರೆ ವರ್ಷ ಮುಗಿಸಿದವರಿಗೆ ದೆಹಲಿ ಸರ್ಕಾರ ಆರು ತಿಂಗಳ ವಿಶೇಷ ವಿನಾಯಿತಿ ನೀಡಿತು. ಅದರಂತೆ 2021ರ ಜುಲೈ 2ರಂದು ಅವರು ಬಿಡುಗಡೆಯಾದರು. 2022ರ ಮೇ ತಿಂಗಳಲ್ಲಿ ಆದಾಯ ಮೀರಿದ ಆಸ್ತಿ ಪ್ರಕರಣದಲ್ಲಿ ಮತ್ತೆ ನಾಲ್ಕು ವರ್ಷದ ಶಿಕ್ಷೆ ವಿಧಿಸಲ್ಪಟ್ಟಿತು. 2024ರ ಡಿಸೆಂಬರ್ 20ರಂದು, 89ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಇತರ ರಾಜ್ಯಗಳಲ್ಲಿ

ಹರಿಯಾಣದ ತೀರ್ಪಿನಿಂದ ಈ ಪಿಡುಗು ನಿಂತಿಲ್ಲ. ಪಶ್ಚಿಮ ಬಂಗಾಳದಲ್ಲಿ 2016ರ ಶಾಲಾ ನೇಮಕಾತಿಯಲ್ಲಿ ಉತ್ತರಪತ್ರಿಕೆಗಳ ಅಂಕ ತಿದ್ದಿದ ಆರೋಪದ ಮೇಲೆ ಮಾಜಿ ಶಿಕ್ಷಣ ಸಚಿವ ಪಾರ್ಥ ಚಟರ್ಜಿ 2022ರ ಜುಲೈನಲ್ಲಿ ಬಂಧಿತರಾದರು. 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಅಲ್ಲಿನ ಬೋಧಕ ಹಾಗೂ ಬೋಧಕೇತರ 25,753 ನೇಮಕಾತಿಗಳ ರದ್ದತಿಯನ್ನು ಎತ್ತಿಹಿಡಿಯಿತು. ಪ್ರಾಮಾಣಿಕವಾಗಿ ಆಯ್ಕೆಯಾದವರೂ ಆ ಆದೇಶದಡಿ ಸಿಲುಕಿದರು.

ಕರ್ನಾಟಕದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಸಿಐಡಿ ಪೊಲೀಸರು, ಹಿಂದಿನ ವರ್ಷಗಳಲ್ಲಿ ಅಕ್ರಮವಾಗಿ ಸರ್ಕಾರಿ ಪ್ರೌಢಶಾಲೆಗಳಿಗೆ ನೇಮಕವಾದರೆಂಬ ಆರೋಪದ ಮೇಲೆ ಹಲವು ಶಿಕ್ಷಕರನ್ನು ಬಂಧಿಸಿದ್ದರು. ಶಿಕ್ಷಣ ಇಲಾಖೆಯ ಅಧಿಕಾರಿಗಳತ್ತಲೂ ತನಿಖೆ ಹೊರಳಿತ್ತು.

ಹರಿಯಾಣದ ಪ್ರಕರಣ ಇವುಗಳಿಂದ ಒಂದು ವಿಷಯದಲ್ಲಿ ಭಿನ್ನ. ಅಲ್ಲಿ ಮೂಲ ದಾಖಲೆ ಹಿಂದೆಯೇ ಸಿದ್ಧವಾಗಿ ಮುದ್ರೆಯೊಳಗಿತ್ತು. ಎರಡನೇ ಪಟ್ಟಿ ಸುಳ್ಳೆಂದು ತೋರಿಸಲು ಮೊದಲನೆಯದೊಂದು ಇತ್ತೆಂಬುದನ್ನು ಸಾಬೀತುಪಡಿಸುವುದು ಅನಿವಾರ್ಯವಾಗಿತ್ತು. ಪಟ್ಟಿ ಬದಲಿಸಲು ನಿರಾಕರಿಸಿದ ಅಧಿಕಾರಿಯ ಸಾಕ್ಷ್ಯ ಆ ಕೆಲಸ ಮಾಡಿತು.

ಪ್ರಮುಖ ಘಟ್ಟಗಳು

* 1999 ಸೆಪ್ಟೆಂಬರ್: ಆಯ್ಕೆಯ ಅಧಿಕಾರ ಜಿಲ್ಲಾ ಸಮಿತಿಗಳಿಗೆ
* 1999 ಡಿಸೆಂಬರ್: ಸಂದರ್ಶನ, ಮೊದಲ ಪಟ್ಟಿ
* 2000: ಎರಡನೇ ಪಟ್ಟಿ, ಫಲಿತಾಂಶ ಪ್ರಕಟಣೆ
* 2003 ನವೆಂಬರ್: ಸಿಬಿಐ ತನಿಖೆಗೆ ಸುಪ್ರೀಂ ಕೋರ್ಟ್ ಆದೇಶ
* 2008 ಜೂನ್: ದೋಷಾರೋಪಪಟ್ಟಿ ಸಲ್ಲಿಕೆ
* 2013 ಜನವರಿ: 55 ಮಂದಿಗೆ ಶಿಕ್ಷೆ
* 2015 ಮಾರ್ಚ್, ಆಗಸ್ಟ್: ಹೈಕೋರ್ಟ್ ತೀರ್ಪು, ಸುಪ್ರೀಂ ಕೋರ್ಟ್‌ನಲ್ಲಿ ಮೇಲ್ಮನವಿ ವಜಾ
* 2021 ಜುಲೈ: ಓಂ ಪ್ರಕಾಶ್ ಚೌಟಾಲಾ ಬಿಡುಗಡೆ