ಜಲಾವಘಡಗಳ ವಿಶ್ಲೇಷಣೆ: ಮಾನವ ಮತ್ತು ಸಾಂಸ್ಥಿಕ ಕಾರಣಗಳು

ಹಡಗು, ದೋಣಿ ಅಥವಾ ತೆಪ್ಪ ಮುಳುಗಿದಾಗ ಅದನ್ನು ನಡೆಸಿದವರ ನಡೆಯನ್ನೂ ಆ ನಡೆಗೆ ಎಡೆಮಾಡಿದ ಆಡಳಿತ ವ್ಯವಸ್ಥೆಯನ್ನೂ ಒಟ್ಟಿಗೆ ಪರಿಶೀಲಿಸುವ ಅಧ್ಯಯನ. ಕಡಲಲ್ಲಿ ಬೆಳೆದ ಈ ಅಧ್ಯಯನ ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ, ಸಾಗರದ ಶರಾವತಿ ಹಿನ್ನೀರುಗಳಿಗೂ ಅಷ್ಟೇ ಸಲ್ಲುತ್ತದೆ.

ಬಹುಕಾಲ ವಿಚಾರಣೆ ಕಪ್ತಾನನ ತಪ್ಪನ್ನು ಗುರುತಿಸುವಲ್ಲಿಗೆ ಮುಗಿಯುತ್ತಿತ್ತು. ಮಿತಿಮೀರಿದ ಸರಕಿನ ಹೊಣೆ ಮಾಲೀಕರದು ಎಂದು ಬ್ರಿಟನ್ನಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದ ಫಲವಾಗಿ 1876ರ ಕಾಯಿದೆ ಬಂತು. ಹಡಗಿನ ಮೈಮೇಲೆ ಭಾರದ ಗೆರೆ ಬಿತ್ತು. ನಿಜವಾದ ತಿರುವು 1987ರ ಮಾರ್ಚ್ 6ರದು. ಬೆಲ್ಜಿಯಂನ ಜೀಬ್ರುಗ್ಗೆ ಬಂದರಿನಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಹಡಗು ಮುಂಬಾಗಿಲು ತೆರೆದೇ ಇದ್ದುದರಿಂದ ಮಗುಚಿ 193 ಜನ ಸತ್ತರು. ಬಾಗಿಲು ಮುಚ್ಚಬೇಕಾದವನು ನಿದ್ದೆಹೋಗಿದ್ದ. ಆದರೆ ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ತಿಳಿಸುವ ದೀಪ ಬೇಕೆಂದು ಕಪ್ತಾನರು ಮೊದಲೇ ಕೇಳಿದ್ದರು, ಕಂಪನಿ ಹಾಕಿಸಿರಲಿಲ್ಲ. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಶೀನ್ ಅವರ ವರದಿ ಮಲಗಿದವನಲ್ಲಿಗೆ ನಿಲ್ಲದೆ ಕಂಪನಿಯ ಮೇಲಿನ ಮಟ್ಟದವರೆಗೂ ಹೊಣೆಯನ್ನು ಒಯ್ದಿತು. ಇದರ ಫಲವಾಗಿ ರೂಪುಗೊಂಡ ಅಂತರರಾಷ್ಟ್ರೀಯ ಸುರಕ್ಷತಾ ನಿರ್ವಹಣಾ ಸಂಹಿತೆ 1998ರಿಂದ ಕಡ್ಡಾಯವಾಯಿತು. ಮನೋವಿಜ್ಞಾನಿ ಜೇಮ್ಸ್ ರೀಸನ್ 1990ರಲ್ಲಿ ಮೇಲ್ನೋಟಕ್ಕೆ ಕಾಣುವ ತಪ್ಪಿನ ಹಿಂದೆ ವ್ಯವಸ್ಥೆಯೊಳಗೆ ಬಹುದಿನದಿಂದ ಅಡಗಿರುವ ಲೋಪಗಳನ್ನು ತೋರಿಸಿದರು. ಅದನ್ನು ಆಧರಿಸಿ ವೀಗ್‌ಮನ್ ಮತ್ತು ಶಾಪೆಲ್ ವಿಮಾನಾಪಘಾತಗಳಿಗಾಗಿ ಕಟ್ಟಿದ ನಾಲ್ಕು ಹಂತದ ವರ್ಗೀಕರಣ ಮುಂದೆ ಹಡಗುಗಳಿಗೂ ಬಂತು: ಮಾಡಿದ ತಪ್ಪು, ಅದಕ್ಕೆ ಒದಗಿದ ಸನ್ನಿವೇಶ, ಮೇಲ್ವಿಚಾರಣೆ, ಸಂಸ್ಥೆಯ ನೀತಿ.

ಕರ್ನಾಟಕದ ಕಡಲಲ್ಲಿ 2009ರ ಜುಲೈನಲ್ಲಿ ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿ ಹೊತ್ತು ಹೊರಟ ‘ಏಷ್ಯನ್ ಫಾರೆಸ್ಟ್’ ಮುಳುಗಿತು, ಸಿಬ್ಬಂದಿ ಪಾರಾದರು. ತೇವ ಹೆಚ್ಚಿದ ಅದಿರಿನ ಪುಡಿ ಅಲೆಯ ಕುಲುಕಾಟಕ್ಕೆ ರಾಡಿಯಾಗಿ ಒಂದೇ ಕಡೆ ಜಾರುತ್ತದೆ. ಮಳೆಗಾಲದ ಅದಿರನ್ನು ತುಂಬಬಹುದೇ ಎಂಬ ತೀರ್ಮಾನ ಆಗುವುದು ಹಡಗಿನ ಚುಕ್ಕಾಣಿಯ ಬಳಿ ಅಲ್ಲ, ದಡದಲ್ಲಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಮೃತರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದವರೂ ಇದ್ದರು.

ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಮುಖ್ಯ ಉದಾಹರಣೆ ಹಾಡೋನಹಳ್ಳಿಯದು. 2016ರ ಸೆಪ್ಟೆಂಬರ್ 7ರಂದು ಗಣೇಶನ ವಿಸರ್ಜನೆಗೆಂದು ತುಂಗಭದ್ರಾ ನದಿಗಿಳಿದ ತೆಪ್ಪ ಮಗುಚಿ 12 ಮಂದಿ ನೀರುಪಾಲಾದರು. ತೆಪ್ಪದಲ್ಲಿ ಅದರ ಅಳವಿಗೆ ಮೀರಿ ಜನರಿದ್ದರು. ‘ಜನ ಹೆಚ್ಚು ಹತ್ತಿದರು’ ಎಂಬ ಮಾತು ನಿಜ, ಆದರೆ ಅದು ಮೊದಲ ಹಂತದ ಉತ್ತರ ಮಾತ್ರ. ತೆಪ್ಪಕ್ಕೆ ಭಾರದ ಗೆರೆಯಿಲ್ಲ. ಹಬ್ಬದ ಸಂಭ್ರಮದಲ್ಲಿ ‘ಇನ್ನು ಸಾಕು, ಇಳಿಯಿರಿ’ ಎಂದು ಊರವರಿಗೆ ಹೇಳುವುದು ಅಂಬಿಗನೊಬ್ಬನಿಂದ ಆಗುವ ಕೆಲಸವೂ ಅಲ್ಲ. ವಿಸರ್ಜನೆಯ ದಿನ ಮೊದಲೇ ಗೊತ್ತಿರುತ್ತದೆ, ಸ್ಥಳವೂ ಗೊತ್ತಿರುತ್ತದೆ. ಅಂಥ ಕಡೆ ದಡದಲ್ಲಿ ಎಣಿಸುವವರು, ಈಜುಗಾರರು, ಲೈಫ್ ಜಾಕೆಟ್ ಇರುವಂತೆ ನೋಡಿಕೊಳ್ಳುವವರು ಯಾರು? ವಿಶ್ಲೇಷಣೆ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ.

ತಡೆಯುವ ಅಧಿಕಾರ ಒಂದು ಸಂಸ್ಥೆಯ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಜಿಲ್ಲೆಯ ಸಿಗಂದೂರು ಲಾಂಚ್ ನಿದರ್ಶನ. ಲಿಂಗನಮಕ್ಕಿ ಅಣೆಕಟ್ಟಿನಿಂದ ದಾರಿ ಕಳೆದುಕೊಂಡ ತುಮರಿ ಭಾಗದವರು ದಶಕಗಟ್ಟಲೆ ಈ ಲಾಂಚನ್ನೇ ನಂಬಿದ್ದರು. ಬೇಸಿಗೆಯಲ್ಲಿ ಹಿನ್ನೀರು ತಗ್ಗಿದಾಗ ಒಳನಾಡು ಜಲಸಾರಿಗೆ ಇಲಾಖೆ ವಾಹನ ಸಾಗಣೆಯನ್ನು ನಿಲ್ಲಿಸಿ ಜನರನ್ನಷ್ಟೇ ದಾಟಿಸುತ್ತಿತ್ತು. ತುಮರಿ ಭಾಗದವರಿಗೆ ಅದು ದೊಡ್ಡ ಕಷ್ಟವೇ ಆಗಿತ್ತು. ಆದರೂ ಅದು ಸರಿಯಾದ ನಿರ್ಧಾರ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು.

ಭಾರತದಲ್ಲಿ 1917ರ ಒಳನಾಡು ಹಡಗು ಕಾಯಿದೆಯ ಬದಲಿಗೆ ಬಂದ 2021ರ ಕಾಯಿದೆ ಯಂತ್ರವಿಲ್ಲದ ದೋಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಅವುಗಳ ದಾಖಲಾತಿಯನ್ನು ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಮಟ್ಟದಲ್ಲೇ ನಡೆಸಲು ಅದರಲ್ಲಿ ಅವಕಾಶವಿದೆ.