ಶಾಲೆ ವರ್ಷಕ್ಕೆ 220 ದಿನ ನಡೆಯಲೇಬೇಕಾ? ದಸರಾ ರಜೆಯ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

"ಕಾನೂನಿನ ಪ್ರಕಾರ ಸರ್ಕಾರಿ ಶಾಲೆ 220 ದಿನ ನಡೆಯಲೇಬೇಕು. ದಸರಾ ರಜೆ ಮುಂದುವರಿಸಿದ್ದರಿಂದ ಈ ವರ್ಷ ಲೆಕ್ಕ ತಪ್ಪಿದೆ. ಬೇಸಿಗೆ ರಜೆ ರದ್ದು. ಎಲ್ಲ ಪೋಷಕರಿಗೂ ಶೇರ್ ಮಾಡಿ."

ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಿಂದ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿದ್ದಾರೆ. ಅವರ ಮಗಳು ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. "ಇದು ನಿಜಾನಾ? ನಿಜ ಆದ್ರೆ ಯಾರನ್ನ ಕೇಳ್ಬೇಕು?" ಎನ್ನುವುದು ಅವರ ಪ್ರಶ್ನೆ.

ಚುಟುಕಾಗಿ ಹೇಳುವುದಾದರೆ, 220 ಎಂಬ ಸಂಖ್ಯೆ ನಿಜ, ಆದರೆ ಅದು ಎಲ್ಲ ತರಗತಿಗಳಿಗೂ ಅಲ್ಲ. ದಿನಗಳ ಲೆಕ್ಕ ತಪ್ಪಿದೆ ಅನ್ನುವುದು ಸುಳ್ಳು. ಫಾರ್ವರ್ಡ್ ಹೇಳದೆ ಬಿಟ್ಟ ಇನ್ನೊಂದು ಲೆಕ್ಕವಿದೆ, ಗಂಟೆಗಳದ್ದು. ಪೋಷಕರು ನಿಜವಾಗಿ ಕಣ್ಣಿಡಬೇಕಾದದ್ದು ಅದರ ಮೇಲೆ.

ಕಾಯ್ದೆಯಲ್ಲಿ ಏನಿದೆ?

2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ನಾವೆಲ್ಲ ಆರ್‌ಟಿಇ ಅನ್ನುವ ಕಾನೂನು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೀಟು, ಫೀಸಿನ ವಿಷಯಕ್ಕೆ ಬಿಟ್ಟರೆ ಅದನ್ನು ತೆರೆದು ನೋಡುವವರು ಕಡಿಮೆ. ಅದರ ಕೊನೆಯಲ್ಲಿರುವ ಅನುಸೂಚಿಯಲ್ಲಿ ಶಾಲೆಗೆ ಎಷ್ಟು ಕೋಣೆ, ಎಷ್ಟು ಶಿಕ್ಷಕರು ಇರಬೇಕು ಎಂಬುದರ ಜೊತೆಗೆ ಶಾಲೆ ಎಷ್ಟು ದಿನ ನಡೆಯಬೇಕು ಎಂದೂ ಬರೆದಿದೆ. 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ ಮತ್ತು 800 ಬೋಧನಾ ಗಂಟೆ. 6ರಿಂದ 8ನೇ ತರಗತಿಗೆ 220 ದಿನ ಮತ್ತು 1000 ಗಂಟೆ. ಎರಡೂ ಆಗಬೇಕು, ಒಂದು ಆದರೆ ಸಾಲದು. ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಕೆಲಸ, ಅದರಲ್ಲಿ ಪಾಠದ ತಯಾರಿಯ ಸಮಯವೂ ಸೇರಿದೆ. ("ಮೇಷ್ಟ್ರಿಗೆ ದಿನಕ್ಕೆ ನಾಲ್ಕೇ ಗಂಟೆ ಕೆಲಸ" ಎಂಬ ಇನ್ನೊಂದು ಫಾರ್ವರ್ಡ್‌ಗೂ ಇದೇ ಉತ್ತರ.)

ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಹಾಗಾಗಿ 9 ಮತ್ತು 10ನೇ ತರಗತಿಗೆ ಈ ಅಂಕಿಗಳು ಅನ್ವಯಿಸುವುದಿಲ್ಲ, ಅಲ್ಲಿ ಇಲಾಖೆಯ ವಾರ್ಷಿಕ ವೇಳಾಪಟ್ಟಿಯೇ ಆಧಾರ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಬೇಕಾದ ಶೇ 75 ಹಾಜರಾತಿ ಬೇರೆಯೇ ವಿಷಯ. ಅದು ಮಗು ಎಷ್ಟು ದಿನ ಬಂತು ಎಂಬ ಲೆಕ್ಕ, ಶಾಲೆ ಎಷ್ಟು ದಿನ ನಡೆಯಿತು ಎಂಬುದಲ್ಲ. ಈ ಎರಡನ್ನು ಕಲಸಿ ಹಾಕಿದ ಸಂದೇಶಗಳೂ ನಮಗೆ ಬರುತ್ತಿರುತ್ತವೆ.

ಅಕ್ಟೋಬರ್‌ನಲ್ಲಿ ಆಗಿದ್ದೇನು?

2025–26ರ ವೇಳಾಪಟ್ಟಿಯಂತೆ ಶಾಲೆಗಳು ಮೇ 29ರಂದು ಶುರುವಾದವು. ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ, ಬೇಸಿಗೆ ರಜೆ ಏಪ್ರಿಲ್ 11ರಿಂದ. ಈ ನಡುವೆ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆಮನೆಗೆ ಹೋದವರಲ್ಲಿ ದೊಡ್ಡ ಪಾಲು ಶಿಕ್ಷಕರೇ. ನಿಗದಿಯಾದ ಅಕ್ಟೋಬರ್ 7ಕ್ಕೆ ಕೆಲಸ ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 8ರಿಂದ 18ರವರೆಗೆ ರಜೆ ಘೋಷಿಸಿದರು. ತಪ್ಪಿದ ಪಾಠವನ್ನು ಹೆಚ್ಚುವರಿ ತರಗತಿ ನಡೆಸಿ ಸರಿದೂಗಿಸಲಾಗುವುದು ಎಂದೂ ಹೇಳಿದರು. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ರಜೆ ಇರಲಿಲ್ಲ. ಒಂದೇ ಓಣಿಯ ಇಬ್ಬರು ಮಕ್ಕಳಲ್ಲಿ ಒಬ್ಬರು ಶಾಲೆಗೆ ಹೋದರು, ಇನ್ನೊಬ್ಬರು ಮನೆಯಲ್ಲಿ ಉಳಿದರು.

ಒಂದು ಭಾನುವಾರ ಬಿಟ್ಟರೆ ಕಳೆದುಹೋದದ್ದು 10 ದಿನ. ವರ್ಷದ ಆರಂಭದ ವೇಳಾಪಟ್ಟಿಯಲ್ಲಿ ಇದ್ದದ್ದು 242 ಶಾಲಾ ದಿನ. ಹತ್ತು ಕಳೆದರೆ 232. ಅಂದರೆ ಏಳನೇ ಕ್ಲಾಸಿಗೂ 220ಕ್ಕಿಂತ 12 ದಿನ ಹೆಚ್ಚೇ ಉಳಿಯುತ್ತದೆ. ಹತ್ತು ದಿನ ಹೋದರೆ ಬೇಸಿಗೆ ರಜೆ ರದ್ದು ಮಾಡಬೇಕು ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಫಾರ್ವರ್ಡ್‌ನ ಆ ಸಾಲು ಶುದ್ಧ ಸುಳ್ಳು.

ಈಗ ಗಂಟೆ ಎಣಿಸೋಣ

ದಿನಕ್ಕೆ 40 ನಿಮಿಷದ 8 ಪೀರಿಯಡ್, ಶನಿವಾರ 5 ಪೀರಿಯಡ್ ಎಂದುಕೊಳ್ಳಿ. ವಾರಕ್ಕೆ 45 ಪೀರಿಯಡ್, ಅಂದರೆ 30 ಗಂಟೆ, ಸರಾಸರಿ ದಿನಕ್ಕೆ 5 ಗಂಟೆ. 232 ದಿನಕ್ಕೆ 1160 ಗಂಟೆ ಆಗುತ್ತದೆ. ಏಳನೇ ಕ್ಲಾಸಿಗೆ ಬೇಕಾದದ್ದು 1000. ಕೈಯಲ್ಲಿ ಉಳಿದದ್ದು 160 ಗಂಟೆ, ಅಂದರೆ 32 ದಿನ.

ಕೇಳಲು ಧಾರಾಳವಾಗಿದೆ. ಆದರೆ ಪರೀಕ್ಷೆಗಳು, ಮೌಲ್ಯಮಾಪನ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಜಯಂತಿಗಳು, ಊರ ಜಾತ್ರೆಯ ಸ್ಥಳೀಯ ರಜೆ, ಶಿಕ್ಷಕರ ತರಬೇತಿ ಎಲ್ಲವೂ ಈ 32 ದಿನದೊಳಗೇ ಮುಗಿಯಬೇಕು. ಪರೀಕ್ಷೆಗಳೇ ಇದರಲ್ಲಿ ದೊಡ್ಡ ಪಾಲು ತಿನ್ನುತ್ತವೆ. ಆ ದಿನಗಳಲ್ಲಿ ಶಾಲೆ ತೆರೆದಿರುತ್ತದೆ, ಹಾಜರಿ ಪುಸ್ತಕ ತುಂಬುತ್ತದೆ, ಆದರೆ ಪಾಠ ನಡೆಯುವುದಿಲ್ಲ. ಹೀಗಾಗಿ 220 ದಿನ ದಾಟಿದ ಶಾಲೆಯೂ 1000 ಗಂಟೆ ಪಾಠಕ್ಕೆ ತಿಣುಕಬಹುದು. 1ರಿಂದ 5ನೇ ತರಗತಿಗೆ ಈ ಒತ್ತಡ ಅಷ್ಟಿಲ್ಲ, ದಿನಕ್ಕೆ 5 ಗಂಟೆಯಂತೆ 800 ಗಂಟೆ 160 ದಿನದಲ್ಲಿ ಮುಗಿಯುತ್ತದೆ.

ಕೇರಳದಲ್ಲಿ ಇದೇ ಜಗಳ ಕೋರ್ಟಿಗೆ ಹೋಗಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೂ ಅಲ್ಲಿನ ಕ್ಯಾಲೆಂಡರೇ. 2024–25ರಲ್ಲಿ 220 ದಿನ ತುಂಬಿಸಲು ಅಲ್ಲಿನ ಸರ್ಕಾರ 25 ಶನಿವಾರಗಳನ್ನು ಶಾಲಾ ದಿನ ಮಾಡಿತು. 2024ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮರುವರ್ಷ ಹೈಸ್ಕೂಲಿಗೆ ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ ಸೇರಿಸಿದರು. ದಿನ ಹೆಚ್ಚಿಸದೆಯೂ ಪಾಠದ ಹೊತ್ತು ಹೆಚ್ಚಿಸಲು ದಾರಿ ಇದೆ ಎನ್ನಲಷ್ಟೇ ಈ ಉದಾಹರಣೆ.

ಶಿಕ್ಷಕರನ್ನು ಯಾವ ಕೆಲಸಕ್ಕೂ ಕಳಿಸಬಹುದಾ?

ಇಲ್ಲ. ಕಾಯ್ದೆಯ ಸೆಕ್ಷನ್ 27ರ ಪ್ರಕಾರ ಪಾಠಕ್ಕೆ ಸಂಬಂಧಿಸದ ಮೂರೇ ಕೆಲಸಗಳಿಗೆ ಶಿಕ್ಷಕರನ್ನು ಬಳಸಬಹುದು: ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ. ಚುನಾವಣಾ ಕೆಲಸವನ್ನೂ ಸಾಮಾನ್ಯವಾಗಿ ರಜಾ ದಿನ, ಪಾಠವಿಲ್ಲದ ಹೊತ್ತಿನಲ್ಲೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. 2027ರ ಜನಗಣತಿ ಈ ಪಟ್ಟಿಯೊಳಗೆ ಬರುತ್ತದೆ. ರಾಜ್ಯದ ಸಮೀಕ್ಷೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಸಮೀಕ್ಷೆ ಬೇಕಿತ್ತೋ ಬೇಡವೋ ಎಂಬುದು ಬೇರೆ ಚರ್ಚೆ. ಆದರೆ ಅದರ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರಿ ಶಾಲೆಯ ಮಕ್ಕಳು ತಮ್ಮ ಪಾಠದ ಗಂಟೆಗಳಿಂದ ಕಟ್ಟಿದರು ಅನ್ನುವುದನ್ನು ಮುಚ್ಚಿಡುವಂತಿಲ್ಲ.

ಪೋಷಕರು ಏನು ಕೇಳಬಹುದು?

"ಎಷ್ಟು ದಿನ ರಜೆ ಕೊಟ್ರಿ?" ಎಂದು ಜಗಳಕ್ಕೆ ಹೋಗುವ ಬದಲು "ಏಳನೇ ಕ್ಲಾಸಿಗೆ ಇಲ್ಲೀವರೆಗೆ ಎಷ್ಟು ಗಂಟೆ ಪಾಠ ಆಗಿದೆ, ಬಾಕಿ ಯಾವಾಗ ಮಾಡ್ತೀರಿ?" ಎಂದು ಕೇಳಿ. ಕೇಳುವ ಜಾಗ ಎಸ್‌ಡಿಎಂಸಿ ಸಭೆ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿ, ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಅಂದರೆ ಅದು ಮುಖ್ಯ ಶಿಕ್ಷಕರ ಸಭೆಯಲ್ಲ, ನಿಮ್ಮದೇ ಸಭೆ.

ಹೆಚ್ಚುವರಿ ತರಗತಿ ಯಾವ ಹೊತ್ತಿಗೆ ಇರಬೇಕು ಎಂಬುದನ್ನೂ ಅಲ್ಲೇ ಮಾತಾಡುವುದು ಒಳ್ಳೆಯದು. ಸಿರಿಗೇರಿ, ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಅಮ್ಮನ ಜೊತೆ ಹೊಲಕ್ಕೆ ಹೋಗುವ, ಇಲ್ಲವೇ ಮನೆಯಲ್ಲಿ ತಮ್ಮ ತಂಗಿಯನ್ನು ನೋಡಿಕೊಳ್ಳುವ ಮಗುವಿಗೆ ಸಂಜೆ ಐದರ ಕ್ಲಾಸು ಇದ್ದರೂ ಇಲ್ಲದಂತೆಯೇ. ಪಕ್ಕದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಮಗುವಿಗೆ ಕೊನೆಯ ಬಸ್ಸೇ ಗಡಿಯಾರ. ಕಾಗದದ ಮೇಲೆ ಗಂಟೆ ತುಂಬುತ್ತದೆ, ಬೆಂಚು ಖಾಲಿ ಇರುತ್ತದೆ. ಬೆಳಿಗ್ಗೆ ಒಂದು ಪೀರಿಯಡ್ ಮುಂಚೆ ಶುರು ಮಾಡುವುದೋ, ಶನಿವಾರ ಮಧ್ಯಾಹ್ನ ಮುಂದುವರಿಸುವುದೋ ಅನ್ನುವುದನ್ನು ಊರಿನವರೇ ಚೆನ್ನಾಗಿ ಹೇಳಬಲ್ಲರು.

ಸಭೆಯಲ್ಲಿ ಉತ್ತರ ಸಿಗದಿದ್ದರೆ ಸಿರುಗುಪ್ಪದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಬರಹದಲ್ಲಿ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಆರ್‌ಟಿಇ ಸೆಕ್ಷನ್ 32ರಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ದಾಖಲೆ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದ ಗಡುವು.

ಇನ್ನೊಂದು ಮಾತು. ಮಳೆ ಬಂದರೆ, ಬಂದ್ ಕರೆದರೆ "ನಾಳೆ ಶಾಲೆಗೆ ರಜೆ" ಎಂಬ ಸಂದೇಶ ರಾತ್ರಿಯೇ ಓಡಾಡುತ್ತದೆ. ಜೊತೆಗೆ ಬಂದ ಆದೇಶದ ಪ್ರತಿಯಲ್ಲಿ ಮೊದಲು ದಿನಾಂಕ ಮತ್ತು ಜಿಲ್ಲೆಯ ಹೆಸರು ನೋಡಿ. ಹಳೆಯ ವರ್ಷದ ಆದೇಶ, ಬೇರೆ ಜಿಲ್ಲೆಯ ಆದೇಶ ಹೊಸದಾಗಿ ತಿರುಗುವುದು ಸಾಮಾನ್ಯ. ಆ ಎರಡೂ ಸರಿ ಇದ್ದರೂ ಜಿಲ್ಲಾಧಿಕಾರಿ ಕಚೇರಿಯ ಅಧಿಕೃತ ಪ್ರಕಟಣೆ ನೋಡಿ, ಇಲ್ಲವೇ ನಿಮ್ಮ ಶಾಲೆಯ ಮೇಷ್ಟ್ರಿಗೆ ಒಂದು ಫೋನ್ ಮಾಡಿ ಕೇಳಿದ ಮೇಲೆಯೇ ಗುಂಪಿಗೆ ಹಾಕಿ.